ಹಳದಿ ಬಿಲ್ಲೆಯ ದಿನಗಳು

1984ರ ಸುಮಾರಿಗೆ ಪುಣೆಯ ತಿಲಕ ರಸ್ತೆಯ ಆಚೀಚೆ ನಾಲ್ಕು ಬಗೆಯ ಹಣ ಓಡಾಡುತ್ತಿತ್ತು. ಒಂದು ಭಾರತ ಸರ್ಕಾರದ್ದು; ಅದರ ಸಣ್ಣ ನಾಣ್ಯಗಳು ಕಣ್ಣಿಗೆ ಬೀಳುತ್ತಿದ್ದುದೇ ಅಪರೂಪ. ಎರಡನೆಯದು ಅಂಚೆ ಚೀಟಿ. ಮೂರನೆಯದು ಪೆಪ್ಪರ್‌ಮಿಂಟು. ನಾಲ್ಕನೆಯದು ನಮ್ಮ ದೊಡ್ಡಮಾವನದು.

ದೊಡ್ಡಮಾವನ ಹಣವೆಂದರೆ ಹಳದಿ ಪ್ಲಾಸ್ಟಿಕ್ಕಿನ ದುಂಡು ಬಿಲ್ಲೆ. ಎಂಟಾಣೆಗಿಂತ ತುಸು ದೊಡ್ಡದು. ಒಂದು ಬದಿಗೆ ತಿಲಕ ರಸ್ತೆಯ ಅವನ ಹೋಟೆಲಿನ ಹೆಸರಿನ ಮೊದಲೆರಡು ಅಕ್ಷರ, ದೇವನಾಗರಿಯಲ್ಲಿ. ಇನ್ನೊಂದು ಬದಿಗೆ 10 ಎಂಬ ಅಂಕಿ, ಅಷ್ಟೆ. ಭವಾನಿ ಪೇಠೆಯಲ್ಲಿ ಪ್ಲಾಸ್ಟಿಕ್ ಅಚ್ಚು ಹೊಯ್ಯುವವನೊಬ್ಬನಿಂದ ಮೊದಲ ಸಲಕ್ಕೆ 1000 ಬಿಲ್ಲೆ ಮಾಡಿಸಿದ್ದ. ಅವನ್ನು ಗೋಣಿಚೀಲದಲ್ಲಿ ತುಂಬಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದವನು ನಾನೇ. ಸಾವಿರ ಬಿಲ್ಲೆ, ಅಂದರೆ ನೂರು ರೂಪಾಯಿ. ಟಂಕಸಾಲೆಯಿಂದ ಖಜಾನೆಗೆ ಹಣ ಸಾಗಿಸುವ ಗತ್ತು ಆ ದಿನ ನನ್ನ ತುಳಿತದಲ್ಲಿತ್ತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರ ಕಡೆಯ ಹಳ್ಳಿಯಿಂದ ಬಂದವನು. ನಮ್ಮಲ್ಲಿ ಮನೆಯವನೊಬ್ಬ ಪರವೂರಲ್ಲಿ ಹೋಟೆಲು ತೆರೆದನೆಂದರೆ ಅಕ್ಕತಂಗಿಯರ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಹೋಗುವುದು. ಕೊಂಕಣ ರೈಲು ಬಂದದ್ದು ಎಷ್ಟೋ ಕಾಲದ ಮೇಲೆ, 1998ರಲ್ಲಿ. ಅದಕ್ಕೆ ಮೊದಲೆಲ್ಲ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ಎಂದು ಬಸ್ಸು ಹಿಡಿಹಿಡಿದು ಪುಣೆಯ ಸ್ವಾರಗೇಟಿನಲ್ಲಿ ಇಳಿಯುವಾಗ ಸೊಂಟ ಎಲ್ಲಿದೆಯೆಂದು ಹುಡುಕಬೇಕಿತ್ತು. ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸಬೇಕು, ಆಮೇಲೆ ಸಪ್ಲೈ, ಹಣೆಬರಹ ಚೆನ್ನಾಗಿದ್ದರೆ ಗಲ್ಲೆ. ಬಾಯಿಲೆಕ್ಕ ಚುರುಕಿತ್ತೆಂದು ನನಗೆ ಗಲ್ಲೆ ಬೇಗ ಸಿಕ್ಕಿತು. ಆದರೆ ಸಿಕ್ಕಿದ್ದು ಚಿಲ್ಲರೆಯೇ ಇಲ್ಲದ ಗಲ್ಲೆ.

ಗಲ್ಲೆಯ ಮರದ ಖಾನೆಯಲ್ಲಿ ಐದು ಬಟ್ಟಲು ಕೊರೆದಿದ್ದರು. ಚೌಕದ 5 ಪೈಸೆಗೊಂದು, ಅಂಚು ಅಲೆಅಲೆಯಾದ 10 ಪೈಸೆಗೊಂದು, 1982ರಲ್ಲಿ ಹೊಸದಾಗಿ ಬಂದ ಆರು ಮೂಲೆಯ 20 ಪೈಸೆಗೊಂದು, 25 ಪೈಸೆಯ ಪಾವಲಿಗೊಂದು, 50 ಪೈಸೆಯ ಎಂಟಾಣೆಗೊಂದು. ಮೊದಲ ಮೂರೂ ಅಲ್ಯುಮಿನಿಯಂ. ಫ್ಯಾನು ಜೋರು ಮಾಡಿದರೆ ಹಾರಿಹೋದೀತು ಎನ್ನುವಷ್ಟು ಹಗುರ. ಚಹಾಕ್ಕೆ 60 ಪೈಸೆ, ಇಡ್ಲಿಗೆ 1 ರೂಪಾಯಿ 20 ಪೈಸೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಏಳೂವರೆಯೊಳಗೆ ಬಟ್ಟಲುಗಳ ತಳ ಕಾಣುತ್ತಿತ್ತು. ಬಂದವರೆಲ್ಲ ಕೊಡುತ್ತಿದ್ದುದು ನೋಟು. ಪುಣೆಯಲ್ಲಿ ಎಲ್ಲರ ಕಿಸೆಯಲ್ಲೂ ಚಿಲ್ಲರೆ ಇತ್ತು, ಇಲ್ಲವೆಂದು ಹೇಳುವುದರಲ್ಲಿ ಮಾತ್ರ ಊರಿಗೆ ಊರೇ ಒಗ್ಗಟ್ಟು.

ಬೆಲೆಯನ್ನೇ ಏರಿಸಿ ಒಂದು ರೂಪಾಯಿಗೆ ಸಮ ಮಾಡಬಾರದಿತ್ತೇ ಎಂದು ಈಗಿನವರು ಕೇಳುತ್ತಾರೆ. ಸದಾಶಿವ ಪೇಠೆಯ ಗಿರಾಕಿಯನ್ನು ಕಂಡವರು ಹಾಗೆ ಕೇಳಲಾರರು. ಚಹಾಕ್ಕೆ ಹತ್ತು ಪೈಸೆ ಏರಿಸಿದ ವಾರದಲ್ಲಿ ನಿವೃತ್ತ ಪ್ರೊಫೆಸರರೊಬ್ಬರು ಹಾಲು, ಸಕ್ಕರೆ, ಚಹಾಪುಡಿಯ ಪೇಟೆಧಾರಣೆ ಬರೆದುಕೊಂಡು ಬಂದು ದೊಡ್ಡಮಾವನ ಎದುರು ಕೂತು ಲೆಕ್ಕ ಒಪ್ಪಿಸಿದ್ದರು. ಅವರ ಲೆಕ್ಕದಲ್ಲಿ ಏರಬೇಕಾದದ್ದು ನಾಲ್ಕು ಪೈಸೆ.

ಈ ಚಿಲ್ಲರೆ ಬರ ಹೊಸತೇನೂ ಆಗಿರಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲೇ ಜನ ಸಣ್ಣ ನಾಣ್ಯ ಕರಗಿಸಿ ಲೋಹ ಮಾರುತ್ತಿದ್ದರೆಂದು ಸರ್ಕಾರ 1971ರಲ್ಲಿ ಒಂದು ಕಾಯ್ದೆಯನ್ನೇ ತಂದಿತ್ತು. ಸಣ್ಣ ನಾಣ್ಯ ಕರಗಿಸುವುದು, ಕರಗಿಸಲೆಂದು ಕೂಡಿಡುವುದು ಎರಡೂ ಅಪರಾಧ. ನಾಣ್ಯ ಹೊಡೆಯುವುದು ಕೇಂದ್ರ ಸರ್ಕಾರದ ಕೆಲಸ, ಹಂಚುವುದು ರಿಸರ್ವ್ ಬ್ಯಾಂಕಿನದು. ಹೊಡೆಯಲು ಇದ್ದುದು ಮುಂಬಯಿ, ಕಲ್ಕತ್ತಾ, ಹೈದರಾಬಾದಿನ ಮೂರೇ ಟಂಕಸಾಲೆ. ದೇಶದ ವ್ಯಾಪಾರ ಬೆಳೆದಷ್ಟು ಅವುಗಳ ಕೈ ಬೆಳೆಯಲಿಲ್ಲ. ಕೊರತೆಯಿದೆ ಎಂದು ಗೊತ್ತಾದ ಮೇಲೆ ಇದ್ದವರೂ ಬಚ್ಚಿಟ್ಟುಕೊಂಡರು, ಅದರಿಂದ ಕೊರತೆ ಇಮ್ಮಡಿಸಿತು. ನಾವೂ ಬಚ್ಚಿಟ್ಟವರೇ. ಅಡಿಗೆಮನೆಯ ಅಟ್ಟದ ಮೇಲೆ ಡಾಲ್ಡಾ ಡಬ್ಬಿಯೊಂದರಲ್ಲಿ ಹಬ್ಬದ ದಿನಕ್ಕೆಂದು ಎಂಟಾಣೆಗಳಿದ್ದವು. ಅದು ದೊಡ್ಡಮಾವನಿಗೆ, ನನಗೆ, ಅಡಿಗೆ ಭಟ್ಟರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ.

ಒಬ್ಬೊಬ್ಬರದು ಒಂದೊಂದು ಉಪಾಯ. ಮಂಡಯಿ ಮಾರುಕಟ್ಟೆಯ ತರಕಾರಿ ಹೆಂಗಸರು ಹತ್ತು ಪೈಸೆಗೆ ನಾಲ್ಕು ಎಸಳು ಕೊತ್ತಂಬರಿಯನ್ನೋ ಎರಡು ಹಸಿಮೆಣಸನ್ನೋ ಚೀಲಕ್ಕೆ ಎಸೆದು, ಮುಂದಿನವರತ್ತ ತಿರುಗಿಬಿಡುತ್ತಿದ್ದರು. ಅದು ಎಲ್ಲರಿಗೂ ಒಪ್ಪಿತ. ಬೇಡವೆಂದವರನ್ನು ನಾನು ಕಾಣೆ. ಕಿರಾಣಿ ಅಂಗಡಿಯ ಶೇಠ್ ಬೆಂಕಿಪೊಟ್ಟಣ ಕೊಡುತ್ತಿದ್ದ, ಔಷಧಿ ಅಂಗಡಿಯವರು ಅಂಚೆ ಚೀಟಿ. ಆಗ ಕಾರ್ಡಿಗೆ 15 ಪೈಸೆ. ಹಾಗೆ ಬಂದ ಚೀಟಿಗಳು ಕಿಸೆಯ ಬೆವರಿಗೆ ಒಂದಕ್ಕೊಂದು ಅಂಟಿಕೊಂಡು ಪೋಸ್ಟಿಗೂ ಬಾರದೆ ಪೇಟೆಗೂ ಬಾರದೆ ಹೋಗುತ್ತಿದ್ದವು. ದೇವಸ್ಥಾನದ ಹುಂಡಿಯ ಚಿಲ್ಲರೆಗೆ ಶಿಫಾರಸು ಬೇಕಿತ್ತು. ಭಿಕ್ಷುಕರದು ನೇರ ವ್ಯಾಪಾರ: ನೂರು ರೂಪಾಯಿ ನೋಟಿಗೆ ತೊಂಬತ್ತರ ಚಿಲ್ಲರೆ. ನಸುಕಿನಲ್ಲಿ ಅವರ ಹತ್ತಿರ ಚಿಲ್ಲರೆಗೆ ಸಾಲು ನಿಂತ ಹೋಟೆಲಿನವರಲ್ಲಿ ನಾನೂ ಒಬ್ಬ. ಕೊಡುವವರು ಯಾರು, ಬೇಡುವವರು ಯಾರು ಎಂಬುದು ಆ ಹೊತ್ತಿಗೆ ಅದಲುಬದಲಾಗಿರುತ್ತಿತ್ತು.

ಪುಣೆಯ ಅಂಗಡಿಗಳ ಫಲಕಗಳ ಬಗ್ಗೆ ಕೇಳಿರಬಹುದು. ಗಿರಾಕಿಯ ಮೇಲೆ ಅಷ್ಟು ಧೈರ್ಯವಾಗಿ ಸಿಡುಕುವ ಊರು ಬೇರೆ ಇಲ್ಲ. ಚಿಲ್ಲರೆ ಬರದ ಕಾಲದಲ್ಲಿ ಆ ಕಲೆಗೆ ಸುಗ್ಗಿ. ನಮ್ಮ ಬೀದಿಯ ಪುಸ್ತಕದಂಗಡಿಯೊಂದರಲ್ಲಿ, ಚಿಲ್ಲರೆ ಕೇಳುವವರು ತಾವು ಚಿಲ್ಲರೆ ತಂದಿದ್ದೇವೆಯೇ ಎಂದು ಮೊದಲು ಯೋಚಿಸಬೇಕು, ಯೋಚಿಸಲು ಹೊರಗೆ ಕಟ್ಟೆಯಿದೆ, ಎಂದು ಬರೆದಿತ್ತು. ನಮ್ಮ ದೊಡ್ಡಮಾವನಿಗೆ ಅಂಥದ್ದು ಬರೆಸುವ ಎದೆ ಇರಲಿಲ್ಲ. ಪರವೂರಲ್ಲಿ ಹೋಟೆಲು ಇಟ್ಟವನ ನಾಲಿಗೆ ಮೆತ್ತಗಿರಬೇಕು ಎಂಬುದು ಅವನ ಮತ.

ಪಿಎಂಟಿ ಸಿಟಿ ಬಸ್ಸಿನ ಕಂಡಕ್ಟರುಗಳದು ಇನ್ನೊಂದು ಶಾಸ್ತ್ರ. “ಸುಟ್ಟೆ ದ್ಯಾ, ನಾಹೀತರ ಉತರಾ” ಎಂಬುದು ಮೊದಲ ಮಂತ್ರ: ಚಿಲ್ಲರೆ ಕೊಡಿ, ಇಲ್ಲವೇ ಇಳಿಯಿರಿ. ಅದಕ್ಕೂ ಬಗ್ಗದಿದ್ದರೆ ಅಪರಿಚಿತರಿಬ್ಬರನ್ನು ಜೋಡಿ ಮಾಡಿ, ಇಬ್ಬರ ಬಾಕಿಗೂ ಸೇರಿಸಿ ಒಂದು ರೂಪಾಯಿ ನೋಟು ಕೈಗಿಟ್ಟು, ಇಳಿದು ಹಂಚಿಕೊಳ್ಳಿ ಎನ್ನುವುದು. ಹಾಗೆ ಎಷ್ಟೋ ಜೋಡಿಗಳು ಸ್ವಾರಗೇಟಿನಲ್ಲಿ ಜಗಳವಾಡುತ್ತ ನಿಂತದ್ದನ್ನು ನೋಡಿದ್ದೇನೆ. ನನಗೆ ಒಮ್ಮೆ ಜೋಡಿಯಾದವರು ಟೋಪಿ ಹಾಕಿದ್ದ, ಕೈಯಲ್ಲಿ ಕನ್ನಡ ವಾರಪತ್ರಿಕೆ ಹಿಡಿದಿದ್ದ ಒಬ್ಬರು. ನೋಟಿನ ಒಂದು ತುದಿ ನಾನು, ಇನ್ನೊಂದು ತುದಿ ಅವರು ಹಿಡಿದು ಇಳಿದೆವು.

“ಈಗೇನು ಹರಿದು ಹಂಚಿಕೊಳ್ಳೋದೇನ್ರಿ ತಮ್ಮಾ?” ಎಂದರು.

“ಬೇಡ, ನಮ್ಮ ಹೋಟೆಲಿಗೆ ಬನ್ನಿ, ಚಹಾ ಕುಡಿದು ಸರಿಮಾಡುವ” ಎಂದೆ.

ಅವರು ಬಾಗಲಕೋಟೆಯವರು, ಪುಣೆಯ ಕನ್ನಡ ಶಾಲೆಯೊಂದರಲ್ಲಿ ಮಾಸ್ತರರು, ರಾಸ್ತಾ ಪೇಠೆಯಲ್ಲಿ ಬಾಡಿಗೆ ಕೋಣೆ. ಆ ದಿನದಿಂದ ಸಂಜೆಯ ಚಹಾ ನಮ್ಮಲ್ಲೇ. ಕರಾವಳಿಯ ನಮ್ಮ ಕನ್ನಡ ಅವರಿಗೆ ನಗೆ, ಅವರದು ನಮಗೆ. ಭಟ್ಟರು ಮಾಡುವ ಸಾಂಬಾರಿಗೆ ಬೆಲ್ಲ ಹಾಕುತ್ತಾರೆಂಬ ಒಂದೇ ದೂರನ್ನು ವರ್ಷಗಟ್ಟಲೆ ಹೇಳಿದರು, ಎರಡನೇ ಸಲ ಹಾಕಿಸಿಕೊಳ್ಳುವುದನ್ನೂ ಬಿಡಲಿಲ್ಲ.

ನಮ್ಮಲ್ಲಿ ಬಿಲ್ಲೆಗೂ ಮೊದಲು ಪೆಪ್ಪರ್‌ಮಿಂಟೇ ನಡೆಯುತ್ತಿತ್ತು. ಹತ್ತು ಪೈಸೆಗೆ ಎರಡು. ಮಕ್ಕಳಿಗೆ ಸರಿ, ದೊಡ್ಡವರು ಮುಖ ಸಿಂಡರಿಸಿ ಕಿಸೆಗೆ ಹಾಕಿಕೊಳ್ಳುವರು. ಎಸ್.ಪಿ. ಕಾಲೇಜಿನ ಹುಡುಗರು ಮುಖ ಸಿಂಡರಿಸಲಿಲ್ಲ, ತಿಂಗಳಿಡೀ ಕೂಡಿಟ್ಟರು. ಒಂದು ದಿನ ಐದಾರು ಮಂದಿ ಬಂದು ಮಸಾಲೆದೋಸೆ ತಿಂದು, ಬಿಲ್ಲಿನ ಮೇಲೆ ಪೆಪ್ಪರ್‌ಮಿಂಟಿನ ರಾಶಿ ಸುರಿದರು. ನೀವೇ ಕೊಟ್ಟದ್ದು, ನೀವೇ ಕಟ್ಟಿದ ಬೆಲೆ, ಎಣಿಸಿಕೊಳ್ಳಿ. ವಾದದಲ್ಲಿ ಲೋಪವಿರಲಿಲ್ಲ. ಬಿಸಿಲಿಗೆ ಅರ್ಧ ಕರಗಿ ಕಾಗದಕ್ಕೆ ಅಂಟಿದ್ದ ಅವನ್ನು ನಾನು ಎಣಿಸುವುದನ್ನು ನೋಡಿ ದೊಡ್ಡಮಾವ, “ಇದ್ ಹೋಟ್ಲೋ ಮಿಠಾಯಿ ಅಂಗ್ಡಿಯೋ ಮಾಣಿ?” ಎಂದ. ಮರುದಿನವೇ ಭವಾನಿ ಪೇಠೆಗೆ ಹೋದ.

ಬಿಲ್ಲೆಯ ರೂಪ ತೀರ್ಮಾನವಾದದ್ದು ಮಾತ್ರ ಒಬ್ಬ ವಕೀಲರಿಂದ. ಶಿವಾಜಿನಗರದ ಕೋರ್ಟು ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುವ ದಾರಿಯಲ್ಲಿ ದಿನಾ ಕಾಫಿಗೆ ನಿಲ್ಲುತ್ತಿದ್ದ ಮರಾಠಿ ಹಿರಿಯರು. ದೊಡ್ಡಮಾವ ಹಿತ್ತಾಳೆಯಲ್ಲಿ ಚೆಂದಾಗಿ ಹೊಡೆಸುವ ಯೋಚನೆಯಲ್ಲಿದ್ದ. ವಕೀಲರು ಕಪ್ಪು ಕೆಳಗಿಟ್ಟು, ಲೋಹ ಬೇಡ ಅಣ್ಣಾ, ಎಂದರು. 1889ರಲ್ಲಿ ಬ್ರಿಟಿಷರು ಮಾಡಿದ ಲೋಹದ ಟೋಕನ್ ಕಾಯ್ದೆ ಆಗಿನ್ನೂ ಜೀವಂತವಿತ್ತು. ಹಣದಂತೆ ಬಳಸಲೆಂದು ಖಾಸಗಿಯವರು ಲೋಹದ ತುಂಡು ಮಾಡುವುದು, ಹಂಚುವುದು, ಹಂಚಲೆಂದು ಇಟ್ಟುಕೊಳ್ಳುವುದು ಯಾವುದೂ ಕೂಡದು. ಹಾಗಾದರೆ ಕಾಗದದಲ್ಲಿ ಬರೆದುಕೊಡುತ್ತೇನೆ ಎಂದ ದೊಡ್ಡಮಾವ. ಅದೂ ಬೇಡ. ತಂದವರಿಗೆ ಇಷ್ಟು ಹಣ ಕೊಡುತ್ತೇನೆ ಎಂದು ಬರೆದುಕೊಡುವ ಅಧಿಕಾರ ರಿಸರ್ವ್ ಬ್ಯಾಂಕಿಗೆ, ಕೇಂದ್ರ ಸರ್ಕಾರಕ್ಕೆ ಮಾತ್ರ. ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಮಿನಲ್ಲಿ ಅದಿದೆ. ಮತ್ತೆಂತ ಮಾಡುವುದು? ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ, ಪೈಸೆ ಎಂದು ಎಲ್ಲೂ ಬರೆಸಬೇಡಿ, ಬರೀ ಅಂಕಿ ಇರಲಿ, ಯಾರಾದರೂ ಕೇಳಿದರೆ ಅದು ಟೇಬಲ್ ನಂಬರು ಎನ್ನಿ. ಈ ಸಲಹೆ ಕೋರ್ಟಿನಲ್ಲಿ ನಿಲ್ಲುತ್ತಿತ್ತೋ ಇಲ್ಲವೋ, ಕೇಳಲು ಯಾರೂ ಬರಲಿಲ್ಲ. ವಕೀಲರು ಫೀಸಿನ ಬದಲು ಆ ದಿನದ ಕಾಫಿಯ ದುಡ್ಡು ಕೊಡಲಿಲ್ಲ.

ಮೊದಲು ಬಿಲ್ಲೆ ನಡೆಯುತ್ತಿದ್ದುದು ನಮ್ಮ ಹೋಟೆಲಿನ ನಾಲ್ಕು ಗೋಡೆಯೊಳಗೆ. ಇವತ್ತು ಬಾಕಿ ಬಂದದ್ದನ್ನು ನಾಳಿನ ಚಹಾಕ್ಕೆ ಮುರಿದುಕೊಳ್ಳುವುದು, ಅಷ್ಟೇ ಉದ್ದೇಶ. ಒಂದು ತಿಂಗಳೊಳಗೆ ಅದು ರಸ್ತೆ ದಾಟಿತು. ಮೊದಲು ತೆಗೆದುಕೊಂಡವನು ಎದುರಿನ ಪಾನಪಟ್ಟಿಯವನು. ಅವನೂ ಅವನ ಹುಡುಗನೂ ಚಹಾ ಕುಡಿಯುವುದು ನಮ್ಮಲ್ಲೇ, ಬೇಡವೆನ್ನಲು ಕಾರಣವಿರಲಿಲ್ಲ. ಆಮೇಲೆ ಕಿರಾಣಿ ಶೇಠ್. ಅವನು ತನ್ನದೇ ಹಸಿರು ರಟ್ಟಿನ ಚೌಕಗಳನ್ನು ಮಾಡಿಕೊಂಡ, ಮೇಲೆ ಅಂಗಡಿಯ ರಬ್ಬರ್ ಮೊಹರು. ಸೈಕಲ್ ಪಂಚರಿನವನು, ಇಸ್ತ್ರಿಯವನು, ಕ್ಷೌರದಂಗಡಿಯವನು ತಾವು ಮಾಡಿಸಲಿಲ್ಲ, ನಮ್ಮಿಬ್ಬರದನ್ನೂ ತೆಗೆದುಕೊಂಡರು. ಸರ್ಕಾರಿ ಹಾಲಿನ ಕೇಂದ್ರದ ಹೆಂಗಸು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. ಸರ್ಕಾರದ ಹಾಲು, ಸರ್ಕಾರದ ದುಡ್ಡು.

ಆ ರಸ್ತೆಯಲ್ಲಿ ಯಾರಿಗೆ ಯಾರ ಮೇಲೆ ಎಷ್ಟು ನಂಬಿಕೆ ಎಂಬುದು ನನಗೆ ತಿಳಿದದ್ದು ಈ ಬಿಲ್ಲೆಗಳಿಂದ. ಶೇಠನ ಹಸಿರು ಚೌಕವನ್ನು ಪಾನಪಟ್ಟಿಯವನು ಮುಟ್ಟುತ್ತಿರಲಿಲ್ಲ. ಹಳೇ ಜಗಳವೇನೋ ಇತ್ತು. ಅದನ್ನು ನಮ್ಮಲ್ಲಿಗೆ ತಂದು ಹಳದಿಗೆ ಬದಲಿಸಿಕೊಂಡರೆ ಮಾತ್ರ ಅವನಲ್ಲಿ ಬೀಡಿ ಸಿಗುತ್ತಿತ್ತು. ಹೀಗೆ ನಮ್ಮ ಗಲ್ಲೆ, ನಾವು ಬಯಸದಿದ್ದರೂ, ಅರ್ಧ ಬೀದಿಯ ಸರಾಫಕಟ್ಟೆಯಾಯಿತು. ಸೋಮವಾರ ಲಕ್ಷ್ಮೀ ರಸ್ತೆಯ ಅಂಗಡಿಗಳಿಗೆ ರಜೆ, ನಮ್ಮಲ್ಲೂ ಗಿರಾಕಿ ಕಡಿಮೆ. ಪುಣೆಯವರೆಲ್ಲ ಮಲಗುವ ಮಧ್ಯಾಹ್ನದ ಆ ಹೊತ್ತಿನಲ್ಲಿ ಒಳಗಿನ ಮೂಲೆಯ ಟೇಬಲ್ಲಿಗೆ ಶೇಠ್ ತನ್ನ ಚೀಲ ತರುತ್ತಿದ್ದ, ದೊಡ್ಡಮಾವ ತನ್ನದು. ಹಸಿರು ಅತ್ತ, ಹಳದಿ ಇತ್ತ. ಹತ್ತತ್ತರ ಗುಡ್ಡೆ. ಒಂದಕ್ಕೊಂದು ಸಲ್ಲಿಸಿ ಮಿಕ್ಕದ್ದಕ್ಕೆ ನೋಟು. ಇಬ್ಬರೂ ಲೆಕ್ಕದಲ್ಲಿ ಕಟ್ಟುನಿಟ್ಟು. ಹತ್ತು ಪೈಸೆ ವ್ಯತ್ಯಾಸ ಬಂದರೆ ಮತ್ತೆ ಮೊದಲಿನಿಂದ ಎಣಿಸುವುದು. ಅಷ್ಟರಲ್ಲಿ ಇಬ್ಬರೂ ಒಂದೂವರೆ ರೂಪಾಯಿಯ ಕಾಫಿ ಬಿಟ್ಟಿ ಕುಡಿದಿರುತ್ತಿದ್ದರು.

ಮಾಸ್ತರರಿಗೆ ಈ ದೃಶ್ಯ ಬಲು ಇಷ್ಟ. ಬೇಸಗೆ ರಜೆಗೆ ಊರಿಗೆ ಹೋಗದಿದ್ದರೆ ಸೋಮವಾರಗಳಲ್ಲಿ ಬಂದು ಪಕ್ಕದಲ್ಲಿ ಕೂರುವರು. ಮೊದಲ ಸಲ ಬಿಲ್ಲೆ ಕೈಗಿಟ್ಟಾಗ, “ಏನ್ರಿ ಇದು, ರೊಕ್ಕಾನೋ ಅಂಗಿ ಗುಂಡಿನೋ?” ಎಂದಿದ್ದವರು, ಆಮೇಲೆ ಅದಕ್ಕೆ ವಂಶಾವಳಿಯನ್ನೇ ಹುಡುಕಿಕೊಟ್ಟರು. ಪುಣೆಯಲ್ಲಿ ಖಾಸಗಿ ಟಂಕಸಾಲೆ ನಿಮ್ಮದೇ ಮೊದಲನೆಯದೇನಲ್ಲ ಎಂದರು. ಪೇಶ್ವೆಯರ ಕಾಲದಲ್ಲಿ ಅಕ್ಕಸಾಲಿಗರು, ಸಾಹುಕಾರರು ಪರವಾನಗಿ ಪಡೆದು ನಾಣ್ಯ ಹೊಡೆಯುತ್ತಿದ್ದರು. ಪುಣೆಯ ಅಂಕುಶದ ಗುರುತಿನ ರೂಪಾಯಿ ಬೇರೆ, ಚಿಂಚವಾಡದ್ದು ಬೇರೆ, ಊರೂರಿಗೆ ಬೇರೆ. ಯಾವ ರೂಪಾಯಿಗೆ ಎಷ್ಟು ವಟ್ಟ ಮುರಿಯಬೇಕೆಂದು ಹೇಳಲು ಸರಾಫರು ಪೇಟೆಯಲ್ಲಿ ಕೂತಿರುತ್ತಿದ್ದರು. ಅವರ ಬಾಗಲಕೋಟೆಯಲ್ಲೂ ಒಂದು ಟಂಕಸಾಲೆಯಿತ್ತು. ಅಲ್ಲಿ ಹೊಡೆದದ್ದಕ್ಕೆ ಮಲ್ಹಾರಶಾಹಿ ರೂಪಾಯಿ ಎಂದು ಹೆಸರು. ಹೊಡೆಸಿದ್ದು ಮಲ್ಹಾರರಾವ್ ರಾಸ್ತೆ. ನಾನಾಸಾಹೇಬ ಪೇಶ್ವೆಯ ಹೆಂಡತಿ ಗೋಪಿಕಾಬಾಯಿಯ ತವರಿನವರು ಈ ರಾಸ್ತೆಗಳು. ಮಾಸ್ತರರು ಬಾಡಿಗೆಗಿದ್ದ ರಾಸ್ತಾ ಪೇಠೆಗೆ ಹೆಸರು ಬಂದದ್ದೂ ಅವರಿಂದಲೇ.

“ನಮ್ಮೂರ ರೂಪಾಯಿಗೆ ನಿಮ್ಮ ಪುಣೇದವರ ಹೆಸರು ಇತ್ತ್ರಿ. ಈಗ ಪುಣೇದ ಹತ್ತು ಪೈಸಾಕ್ಕ ಕುಂದಾಪುರದವರ ಹೆಸರು. ಲೆಕ್ಕ ಬರೋಬ್ಬರಿ ಆತು” ಎಂದು ನಕ್ಕರು.

ದೊಡ್ಡಮಾವನಿಗೆ ಪೇಶ್ವೆಯರಿಗಿಂತ ತನ್ನ ಬಾಲ್ಯವೇ ನೆನಪಿಗೆ ಬರುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅವನು ಹುಡುಗ. ಆಗಲೂ ಹೀಗೆಯೇ ಚಿಲ್ಲರೆ ಮಾಯವಾಗಿ, ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದನ್ನೇ ಸರ್ಕಾರ ಅಪರಾಧವೆಂದು ಸಾರಿತ್ತು. ತಾಮ್ರ ಉಳಿಸಲೆಂದು 1943ರಲ್ಲಿ ನಡುವೆ ತೂತಿನ ಕಾಸು ತಂದರು. ನಮ್ಮ ಕಡೆ ಅದು ಒಟ್ಟೆ ಮುಕ್ಕಾಲು. ನನ್ನ ಅಜ್ಜಿ ಅದನ್ನು ದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟಿದ್ದಳಂತೆ. ಹಾಗಾಗಿ ಊರಿನ ಚಿಲ್ಲರೆ ಬರಕ್ಕೆ ತನ್ನ ಸೊಂಟವೂ ಅಷ್ಟಿಷ್ಟು ಕಾರಣ ಎಂದು ದೊಡ್ಡಮಾವ ಹೇಳುವುದಿತ್ತು.

ಸೋಮವಾರದ ಈ ಸಭೆಗೆ ಕೆಲವೊಮ್ಮೆ ಗೋಖಲೆ ಇನ್‌ಸ್ಟಿಟ್ಯೂಟಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಧಾರವಾಡದ ಹುಡುಗನೊಬ್ಬ ಬರುತ್ತಿದ್ದ. ರಿಸರ್ವ್ ಬ್ಯಾಂಕಿಗೆ ಆಗ ಮನಮೋಹನ್ ಸಿಂಗ್ ಗವರ್ನರು. ಈ ಹುಡುಗ ದೊಡ್ಡಮಾವನನ್ನು ತಿಲಕ ರಸ್ತೆಯ ಗವರ್ನರ್ ಸಾಹೇಬರೇ ಎಂದು ಕರೆಯುತ್ತಿದ್ದ. ಇಟಲಿಯಲ್ಲಿ ಎಪ್ಪತ್ತರ ದಶಕದ ನಡುವೆ ಇದೇ ಗತಿಯಾಗಿ, ಬ್ಯಾಂಕುಗಳೇ ಅಂಗೈಯಗಲದ ಪುಟ್ಟ ಚೆಕ್ಕುಗಳನ್ನು ಅಚ್ಚು ಹಾಕಿ ಚಿಲ್ಲರೆಗೆ ಬದಲಾಗಿ ಹಂಚಿದ್ದವಂತೆ, ಮಿಠಾಯಿಯೂ ಟೆಲಿಫೋನಿನ ಟೋಕನ್ನೂ ಅಲ್ಲಿ ಹಣವಾಗಿ ಓಡಾಡಿದ್ದವಂತೆ. ಪೆಪ್ಪರ್‌ಮಿಂಟು ತನ್ನದೇ ಬುದ್ಧಿ ಎಂದುಕೊಂಡಿದ್ದ ದೊಡ್ಡಮಾವನಿಗೆ ಇದರಿಂದ ತುಸು ನಿರಾಸೆಯಾಯಿತು. ಅದೇ ಹುಡುಗ ಅಸ್ಸಾಮಿನ ಚಹಾತೋಟಗಳ ಟೋಕನ್ನಿನ ಕಥೆಯನ್ನೂ ಹೇಳಿದ. ಬ್ರಿಟಿಷರ ಕಾಲದ ತೋಟಗಳಲ್ಲಿ ಕೂಲಿಗೆ ನಾಣ್ಯದ ಬದಲು ತೋಟದ ಬಿಲ್ಲೆ. ಅದು ತೋಟದೊಳಗಲ್ಲದೆ ಹೊರಗೆ ನಡೆಯದು. ತೋಟ ಬಿಟ್ಟು ಓಡಿದವನ ಕಿಸೆಯಲ್ಲಿ ಇದ್ದರೂ ಇಲ್ಲದಂತೆ. ಅದನ್ನು ಕೇಳಿದ ರಾತ್ರಿ ದೊಡ್ಡಮಾವ ನನ್ನನ್ನು ಕರೆದು, ಹೋಟೆಲಿನ ಹುಡುಗರ ಸಂಬಳದಲ್ಲಿ ಒಂದು ಬಿಲ್ಲೆಯೂ ಸೇರಕೂಡದು, ಪೂರಾ ನೋಟೇ ಕೊಡಬೇಕು ಎಂದ. ಗಿರಾಕಿಗೆ ಬೇಡವೆನ್ನುವ ಬಾಯಿ ಇದೆ, ಸಂಬಳದ ಹುಡುಗನಿಗಿಲ್ಲ. ಅವನ ವ್ಯಾಪಾರಬುದ್ಧಿಯ ಬಗ್ಗೆ ನನಗೆ ಎಷ್ಟೋ ತಕರಾರುಗಳಿವೆ; ಈ ಮಾತಿಗೆ ಇಲ್ಲ.

ಖೋಟಾ ಬಿಲ್ಲೆಯೂ ಬಂತು. ಯಾರೋ ಹಳದಿ ಸಾಬೂನುಡಬ್ಬಿಯ ಮುಚ್ಚಳ ಕತ್ತರಿಸಿ, ಸುಟ್ಟ ಸೂಜಿಯಿಂದ ಅಕ್ಷರ ಕೊರೆದಿದ್ದರು. ಮೂಸಿದರೆ ಇನ್ನೂ ಸಾಬೂನಿನ ವಾಸನೆ. ಹತ್ತು ಪೈಸೆಗಾಗಿ ಒಂದು ಮಧ್ಯಾಹ್ನವಿಡೀ ಕೂತು ಕೆತ್ತಿದ ಆ ಕೈಯನ್ನು ಮೆಚ್ಚಿ ದೊಡ್ಡಮಾವ ಅದನ್ನೂ ಒಪ್ಪಿಕೊಂಡ. ಹುಡುಗನನ್ನು ಪತ್ತೆ ಮಾಡಿದ್ದು ಭಟ್ಟರು: ಅಕ್ಷರದ ಮೇಲಿನ ಗೆರೆ ಸೊಟ್ಟಗಿತ್ತು, ಪಕ್ಕದ ವಾಡೆಯ ಹುಡುಗನೊಬ್ಬನ ಪಾಟಿಯ ಮೇಲೂ ಹಾಗೆಯೇ.

ನಮ್ಮ ಬಿಲ್ಲೆ ಹಣವಾಗಿ ಅತಿ ದೂರ ಹೋದದ್ದು ಡಿಸೆಂಬರಿನ ಒಂದು ರಾತ್ರಿ. ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಮಾಸ್ತರರು ನನ್ನನ್ನು ಎಳೆದುಕೊಂಡು ಹೋದರು. ನನಗೆ ಗೊತ್ತಿದ್ದುದು ಯಕ್ಷಗಾನದ ಭಾಗವತಿಕೆ. ರಾತ್ರಿಯಿಡೀ ಕೂತಿರುವ ಅಭ್ಯಾಸವೊಂದೇ ಅಲ್ಲಿ ಉಪಯೋಗಕ್ಕೆ ಬಂದದ್ದು. ಕುಂದಗೋಳದ ಗುರುವಿನ ಹೆಸರಿನಲ್ಲಿ, ಗದಗಿನ ಭೀಮಸೇನ ಜೋಶಿಯವರು 1953ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದ ಉತ್ಸವವದು. ಸುತ್ತ ಶಾಲು, ಕಂಬಳಿ, ಮಫ್ಲರು ಸುತ್ತಿಕೊಂಡ ಮರಾಠಿ ಸಂಸಾರಗಳು. ಮಾಸ್ತರರು ಆಗಾಗ ನನ್ನ ಮೊಣಕಾಲು ತಟ್ಟಿ, “ನಮ್ಮಾವರು ರೀ, ನಮ್ಮಾವರು” ಎನ್ನುತ್ತಿದ್ದರು, ಬೇಡವೆಂದರೂ ಪಕ್ಕದವರಿಗೂ ಕೇಳುವಷ್ಟು. ನಡುರಾತ್ರಿ ಕಳೆದ ಮೇಲೆ ಚಳಿ ತಡೆಯದೆ ಹೊರಗೆ ಬಂದರೆ ಬಾಗಿಲ ಬಳಿ ಒಬ್ಬಳು ಅಜ್ಜಿ ಸ್ಟೌವ್ ಹೊತ್ತಿಸಿ ಚಹಾ ಮಾರುತ್ತಿದ್ದಳು. ನೋಟು ಕೊಟ್ಟೆವು. ಅವಳು ಸೆರಗಿನ ಗಂಟು ಬಿಚ್ಚಿ ಬಾಕಿ ಕೊಟ್ಟಳು: ಒಂದು ಪಾವಲಿ, ಎರಡು ಹಳದಿ ಬಿಲ್ಲೆ.

ನಾನು ನಕ್ಕೆ. ಇದು ನಮ್ಮದೇ ಎಂದೆ. ಅಜ್ಜಿ ನಂಬಲಿಲ್ಲ. ಕಾಲೇಜಿನ ಹುಡುಗರು ಕೊಟ್ಟದ್ದು, ತಿಲಕ ರಸ್ತೆಯ ಯಾವನೋ ಅಣ್ಣನಲ್ಲಿ ನಡೆಯುತ್ತದಂತೆ, ನಾನು ನೋಡಿಲ್ಲ, ಎಂದಳು. ನೋಡದವನ ಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು! ಬೆಳಿಗ್ಗೆ ಈ ಸುದ್ದಿ ಹೇಳಿದಾಗ ದೊಡ್ಡಮಾವ ಹಿಗ್ಗಲಿಲ್ಲ, ಹೆದರಿದ. ಹೊಸ ಬಿಲ್ಲೆ ಹೊಯ್ಸುವುದು ಆ ದಿನದಿಂದ ಬಂದ್.

ಅಷ್ಟರಲ್ಲಿ ಸರ್ಕಾರಕ್ಕೂ ಎಚ್ಚರವಾಗಿತ್ತು. ತನ್ನ ಟಂಕಸಾಲೆಗಳು ಸಾಲದೆಂದು 1985ರಲ್ಲಿ ಹೊರದೇಶಗಳಿಂದ ನಾಣ್ಯ ಹೊಡೆಸಿ ತರಿಸಿತು. ರೂಪಾಯಿ ಬ್ರಿಟನ್ನಿನಿಂದ, ಎಂಟಾಣೆ ದಕ್ಷಿಣ ಕೊರಿಯಾದಿಂದ, ಪಾವಲಿ ಕೆನಡಾದಿಂದ. ಇಸವಿಯ ಹತ್ತಿರ ಇದ್ದ ಸಣ್ಣ ಗುರುತನ್ನು ಮಾಸ್ತರರು ಭೂತಗನ್ನಡಿ ಹಿಡಿದು ತೋರಿಸಿದರು. ಕೆನಡಾ ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ, ಅಲ್ಲಿಂದ ಬಂದ ಪಾವಲಿ ಮಾತ್ರ ನಮ್ಮ ಬಟ್ಟಲಿನಲ್ಲಿ ಬಿದ್ದಿತ್ತು. 1988ರಲ್ಲಿ ನೋಯ್ಡಾದ ಹೊಸ ಟಂಕಸಾಲೆಯೂ ಶುರುವಾಯಿತು, ಉಕ್ಕಿನ ನಾಣ್ಯಗಳು ಬಂದವು. ಖಡ್ಗಮೃಗದ ಪಾವಲಿ ನೆನಪಿರಬೇಕಲ್ಲ, ಆಗಿನದು. ಗಲ್ಲೆಯ ಬಟ್ಟಲುಗಳು ಮೆಲ್ಲಗೆ ತುಂಬತೊಡಗಿದವು.

ದೊಡ್ಡಮಾವ ಆಗ ತನ್ನ ಬಾಳಿನ ಮೊದಲ ಮತ್ತು ಕೊನೆಯ ಫಲಕ ಬರೆಸಿದ. ದೀಪಾವಳಿಯೊಳಗೆ ಹಳದಿ ಬಿಲ್ಲೆಗಳನ್ನು ತಂದು ಹಣ ಒಯ್ಯಬೇಕು, ಇಂತಿ ನಿಮ್ಮ ವಿಶ್ವಾಸಿ. ಹಬ್ಬ ಮುಗಿದು ಎಣಿಸಿದಾಗ ಆಗಾಗ ಹೊಯ್ಸಿದ್ದೆಲ್ಲ ಸೇರಿ 1500ರಲ್ಲಿ ವಾಪಸು ಬಂದದ್ದು ಸಾವಿರಕ್ಕೂ ಕಡಿಮೆ. ಉಳಿದವು ಸಾತಾರ, ಸಾಂಗಲಿ, ಸೋಲಾಪುರಗಳ ಕಾಲೇಜು ಹುಡುಗರ ಟ್ರಂಕಿನ ತಳದಲ್ಲೋ, ಧೋಬಿಗೆ ಹಾಕಿದ ಪ್ಯಾಂಟಿನಲ್ಲೋ, ಮಕ್ಕಳ ಆಟದಲ್ಲೋ ಸೇರಿಹೋಗಿದ್ದವು. ಐವತ್ತು ರೂಪಾಯಿಯ ಮೇಲೆ ಉಳಿಯಿತಲ್ಲ ಮಾವ, ಲಾಭವೇ ಆಯಿತು ಎಂದೆ.

“ಲಾಭ ಅಲ್ಲ ಮಾಣಿ, ಕೊಡುಕಿಪ್ಪುದ್” ಎಂದ. ಆ ಐವತ್ತಕ್ಕೆ ಸರಿಯಾಗಿ ಚಿಲ್ಲರೆ ಎಣಿಸಿ ಡಾಲ್ಡಾ ಡಬ್ಬಿಗೆ ಹಾಕಿಸಿದ. ಫಲಕದಲ್ಲಿ ದೀಪಾವಳಿಯ ಗಡುವು ಹಾಕಿದ್ದವನೇ, ಗಡುವು ಕಳೆದು ವರ್ಷಗಳಾದ ಮೇಲೆ ಬಂದವರಿಗೂ ಆ ಡಬ್ಬಿಯಿಂದ ಕೊಟ್ಟ. ಒಮ್ಮೆ ಸೋಲಾಪುರದಿಂದ ಮದುವೆಯ ಆಮಂತ್ರಣ ಕೊಡಲು ಬಂದ ಹಳೇ ವಿದ್ಯಾರ್ಥಿಯೊಬ್ಬ ಲಕೋಟೆಯ ಜೊತೆಗೆ ಏಳು ಬಿಲ್ಲೆ ಗಲ್ಲೆಯ ಮೇಲಿಟ್ಟ. ದೊಡ್ಡಮಾವ ಎಪ್ಪತ್ತು ಪೈಸೆ ಎಣಿಸಿ ಕೊಟ್ಟು, ಮುಯ್ಯಿಗೆ ಬೇರೆ ಐವತ್ತೊಂದು ರೂಪಾಯಿ ಕೊಟ್ಟ. ಎರಡನ್ನೂ ಒಂದರೊಳಗೊಂದು ಸೇರಿಸಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಹೋಟೆಲು ಬೇರೆಯವರ ಕೈಗೆ ಹೋಯಿತು. ಮಾಸ್ತರರು ನಿವೃತ್ತಿಯಾಗಿ ಬಾಗಲಕೋಟೆಗೆ, ದೊಡ್ಡಮಾವ ಊರಿಗೆ. ನಾನು ಪುಣೆಯಲ್ಲೇ ಕೋಥರೂಡಿನಲ್ಲಿ ಬೇರೆ ವ್ಯಾಪಾರ ಹಿಡಿದೆ. ಹೊರಡುವ ಮುನ್ನ ಶೇಠ್ ಮತ್ತು ದೊಡ್ಡಮಾವ ಕೊನೆಯ ಸಲ ಹಸಿರು ಹಳದಿ ಎದುರುಬದುರು ಇಟ್ಟು ಎಣಿಸಿದರು. ಶೇಠನ ಲೆಕ್ಕದಲ್ಲಿ ದೊಡ್ಡಮಾವ ಮೂರು ಬಿಲ್ಲೆ ಬಾಕಿ. ದೊಡ್ಡಮಾವನ ಲೆಕ್ಕದಲ್ಲಿ ಸಮ. ಮೂವತ್ತು ಪೈಸೆ ಬಿಸಾಕಿದ್ದರೆ ಮುಗಿಯುತ್ತಿತ್ತು. ಒಬ್ಬನಿಗೆ ಕೊಡಲು ಒಪ್ಪಿಗೆಯಿಲ್ಲ, ಇನ್ನೊಬ್ಬನಿಗೆ ಬಿಡಲು. ಆಮೇಲೆ ಪ್ರತಿ ದೀಪಾವಳಿಗೆ ಶೇಠ್ ಕುಂದಾಪುರಕ್ಕೆ ಫೋನು ಮಾಡುತ್ತಿದ್ದ. ಮಳೆ, ಮೊಮ್ಮಕ್ಕಳು, ಮಂಡಿನೋವು ಎಲ್ಲ ಕೇಳಿದ ಮೇಲೆ ಕೊನೆಗೆ, ಆ ಮೂರು?

2011ರ ಜೂನ್ 30ಕ್ಕೆ ಸರ್ಕಾರ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆಯನ್ನೇ ನಿಲ್ಲಿಸಿತು. ದೊಡ್ಡಮಾವನಿಗೆ ಆಗ ಎಂಬತ್ತರ ಹತ್ತಿರ. ಫೋನಿನಲ್ಲಿ ನನಗೆ ಹೇಳಿದ: ಶೇಠನಿಗೆ ಹೇಳಿಬಿಡು, ಹತ್ತು ಪೈಸೆ ಎಂಬುದೇ ಈಗ ದೇಶದಲ್ಲಿಲ್ಲ, ಲೆಕ್ಕ ಖಲಾಸ್.

ತಿಲಕ ರಸ್ತೆಗೆ ಹೋದೆ. ಅಂಗಡಿಯಲ್ಲಿ ಮಗ ಕೂತಿದ್ದ, ಶೇಠ್ ಹಿಂದೆ ಕುರ್ಚಿಯಲ್ಲಿ. ವಿಷಯ ತಿಳಿಸಿದೆ. ಶೇಠ್ ಡ್ರಾಯರಿನಿಂದ ಬಿಲ್ಲೆ ತೆಗೆಸಿ ಕನ್ನಡಕ ಹಾಕಿ ಎರಡೂ ಬದಿ ತಿರುಗಿಸಿ ನೋಡಿದ.

“ಪೈಸೆ ಅಂತ ಇದರ ಮೇಲೆ ಎಲ್ಲಿದೆ? ಬರೀ 10 ಅಂತಿದೆ. ವಕೀಲರ ಮಾತು ಕೇಳಿ ಅಣ್ಣನೇ ಹಾಗೆ ಬರೆಸಿದ್ದು. ಮೂರಕ್ಕೆ ಮೂವತ್ತು ರೂಪಾಯಿ ಆಯಿತು, ಕಳಿಸಲು ಹೇಳು.”

ರಾತ್ರಿ ದೊಡ್ಡಮಾವನಿಗೆ ಇದನ್ನು ಒಪ್ಪಿಸಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಕೆಮ್ಮು, ನಗು ಎರಡೂ ಬೆರೆತು ಕೇಳಿಸಿತು.

“ಟೇಬಲ್ ನಂಬರ್ ಅಂತ ಹೇಳ್ ಅವನಿಗೆ” ಎಂದ.